ಮೊದಲು ಕ್ಯಾಬಿನೆಟ್ ಮುಟ್ಟಿರಿ

ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ನಡೆಯಿತು ಎಂಬುದರ ಬಗ್ಗೆ ನನಗೆ ಖಾತ್ರಿಯಿಲ್ಲ. ಖಾತ್ರಿಯಿದೆ ಎಂದೇ ಬಹಳ ವರ್ಷ ಅಂದುಕೊಂಡಿದ್ದೆ. ಮೊದಲು ಕಾಲೇಜಿನಲ್ಲಿ ಕಸ ಹೊಡೆಯುತ್ತಿದ್ದ ಭಾಗವ್ವನನ್ನು ಕೆಲಸದಿಂದ ತೆಗೆದರು. ಆಮೇಲೆ ಗೋಕಾಕದಿಂದ ಇಲೆಕ್ಟ್ರಿಶಿಯನ್ ಬಂದ. ಅವನು ಬಂದ ಮೇಲೆ ನಿಜ ಏನೆಂದು ನನಗೆ ತಿಳಿಯಿತು, ಆದರೆ ಅಷ್ಟರಲ್ಲಿ ಕಾಲ ಮಿಂಚಿತ್ತು. ಹೀಗೆಂದು ಒಂದೆರಡು ಸಲ ಗೆಳೆಯರಿಗೂ ಹೇಳಿದ್ದೇನೆ. ಈ ಕ್ರಮದಲ್ಲಿ ಹೇಳಿದರೆ ನಾನು ಬರೀ ತಿಳಿಗೇಡಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಿಗೆ ಅದನ್ನು ಒಪ್ಪಿಕೊಳ್ಳುವುದೇ ಕಷ್ಟ. ಒಪ್ಪಿಕೊಂಡು ದೊಡ್ಡ ಮನುಷ್ಯನಾದೆ ಅಂದುಕೊಂಡಿದ್ದೆ.

ಹೋದ ಫೆಬ್ರುವರಿಯಲ್ಲಿ ಏನೋ ಕೆಲಸಕ್ಕೆ ಹುಕ್ಕೇರಿಯಿಂದ ಗೋಕಾಕಕ್ಕೆ ಬಂದವನು ಬಸ್‌ಸ್ಟ್ಯಾಂಡಿನ ಎದುರು ಒಂದು ಝೆರಾಕ್ಸ್ ಅಂಗಡಿಯೊಳಗೆ ನಿಂತಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಾದ ಅಂಗಡಿ. ಕೈಜಾರಿ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದಾಗ ನೆಲದ ಮೇಲಿದ್ದ ಕಂಪ್ಯೂಟರಿನ ತಗಡಿನ ಡಬ್ಬಿಗೆ ಕೈಯ ಹಿಂಬದಿ ತಾಗಿತು. ಮೊಣಕೈವರೆಗೆ ಇರುವೆ ಹರಿದಂತೆ ಜುಮ್ಮೆಂದಿತು.

"ಅದಕ ಕೈ ಹಚ್ಚಬ್ಯಾಡ್ರಿ ಸರ್, ಕಡಿತೈತಿ," ಅಂದ ಅಂಗಡಿಯವನು, ಬಾಗಿಲಲ್ಲಿ ಕಟ್ಟಿದ ನಾಯಿಯ ಬಗ್ಗೆ ಹೇಳುವ ಹಾಗೆ.

ಅದು ಯಾಕೆ ಕಡಿಯುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ನಾನು ಬಹಳ ವರ್ಷಗಳ ಹಿಂದೆ ಮೂಡಲಗಿಯಲ್ಲಿ ಕಲಿತಿದ್ದೆ. ಪುಸ್ತಕದಿಂದ ಕಲಿತದ್ದಲ್ಲ.

ಮೂಡಲಗಿಯ ಹೊರಗೆ, ಕಬ್ಬಿನ ಹೊಲಗಳ ನಡುವೆ, ಒಂದು ಖಾಸಗಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕನಾಗಿದ್ದೆ. ಊರಲ್ಲಿ ಒಂದು ಕೋಣೆ ಹಿಡಿದಿದ್ದೆ. ಶನಿವಾರ ಗೋಕಾಕದ ಬಸ್ಸು ಹಿಡಿದು ಅಲ್ಲಿಂದ ಹುಕ್ಕೇರಿಯ ಮನೆಗೆ ಹೋಗುತ್ತಿದ್ದೆ. ಆ ವರ್ಷ ಜನವರಿಯಲ್ಲಿ ಕಂಪ್ಯೂಟರ್ ರಿಪೇರಿಯ ಮೂರು ತಿಂಗಳ ಕೋರ್ಸೊಂದನ್ನು ಆರಂಭಿಸಿ, ಭೌತಶಾಸ್ತ್ರದವನೆಂದು ಅದನ್ನು ನನಗೆ ವಹಿಸಿದರು. ಇಪ್ಪತ್ತು ಕಂಪ್ಯೂಟರು, ಇಪ್ಪತ್ತೈದು ಹುಡುಗ ಹುಡುಗಿಯರು. ಕೋರ್ಸು ಚೆನ್ನಾಗಿ ನಡೆದರೆ ಜೂನ್‌ನಲ್ಲಿ ನನ್ನ ನೇಮಕ ಮುಂದುವರಿಯುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದ್ದರು.

ಸಂಕ್ರಾಂತಿ ಕಳೆದ ಮೇಲೆ ಆ ಕಡೆ ಗಾಳಿಯಲ್ಲಿ ಹಸಿ ಎಂಬುದೇ ಇರುವುದಿಲ್ಲ. ತುಟಿ ಒಡೆಯುತ್ತದೆ, ಎರೆಮಣ್ಣು ಒಡೆಯುತ್ತದೆ. ಕಬ್ಬು ಕಡಿದ ಹೊಲದಲ್ಲಿ ಒಣ ಸೋಗೆಯ ರವದಿ ಸುಟ್ಟ ಕರಿ ತೇಲಿ ಬಂದು ಅಂಗಿಯ ಮೇಲೆ ಕೂರುತ್ತದೆ. ಮುಂಜಾನೆ ಸ್ವೆಟರ್ ಕಳೆಯುವಾಗ ಚಟಚಟ ಸದ್ದಾಗುತ್ತಿತ್ತು. ನನಗೆ ಅದು ಪಾಠಕ್ಕೆ ಹೇಳಿ ಮಾಡಿಸಿದ ಹವೆ.

ಮೊದಲ ವಾರವಿಡೀ ನಾನು ಕಲಿಸಿದ್ದು ಇದೊಂದನ್ನೇ. ಮೈಮೇಲೆ ನಿಮಗೆ ಗೊತ್ತಾಗದಂತೆ ವಿದ್ಯುತ್ತು ಕೂಡಿಕೊಳ್ಳುತ್ತದೆ. ನಿಮಗೆ ತಿಳಿಯದಷ್ಟು ಸಣ್ಣ ಕಿಡಿ ಸಾಕು, ಕಂಪ್ಯೂಟರಿನೊಳಗಿನ ಒಂದು ಚಿಪ್ ಸಾಯುತ್ತದೆ. ಆದ್ದರಿಂದ ಡಬ್ಬಿ ಬಿಚ್ಚುವ ಮುನ್ನ ಸ್ವಿಚ್ ಆರಿಸಿ, ಪ್ಲಗ್ ಮಾತ್ರ ಕೀಳಬೇಡಿ. ಪ್ಲಗ್ಗಿನ ದಪ್ಪ ಕಡ್ಡಿಯಿಂದ ಡಬ್ಬಿಗೂ ಭೂಮಿಗೂ ಸಂಬಂಧವಿರುತ್ತದೆ. ಬರಿಗೈಯಿಂದ ಡಬ್ಬಿಯ, ಅಂದರೆ ಕ್ಯಾಬಿನೆಟ್ಟಿನ, ತಗಡನ್ನು ಮುಟ್ಟಿದರೆ ಮೈಯ ವಿದ್ಯುತ್ತು ಅದರ ಮೂಲಕ ನೆಲಕ್ಕೆ ಇಳಿದುಹೋಗುತ್ತದೆ. ಆಮೇಲೆ ಬಿಡಿಭಾಗ ಹಿಡಿಯಿರಿ. 'ಮೊದಲು ಕ್ಯಾಬಿನೆಟ್ ಮುಟ್ಟಿರಿ' ಎಂದು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಈಗಲೂ ಆ ಪಾಠದಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಭೂಮಿಗೆ ಹೋಗುವ ತಂತಿ ಭೂಮಿಯನ್ನು ಮುಟ್ಟಿದ್ದರೆ.

ಲ್ಯಾಬಿನ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ಧೂಳು ಬರಬಾರದು ಅಂತ ಪ್ರಿನ್ಸಿಪಾಲರು. ಸರಸ್ವತಿ ಇರುವ ಕೋಣೆ ಅಂತ ಹುಡುಗಿಯರು. ನನಗೂ ಅದು ಅನುಕೂಲವೇ ಆಗಿತ್ತು, ಬರಿಗಾಲಲ್ಲಿದ್ದವರ ಮೈಮೇಲೆ ವಿದ್ಯುತ್ತು ಕೂಡುವುದು ಕಡಿಮೆ. ಭಾಗವ್ವ ಮುಂಜಾನೆ ಎಂಟಕ್ಕೆ ಬಂದು ಫರಸಿ ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕಂಪ್ಯೂಟರುಗಳ ಧೂಳು ಜಾಡಿಸಿ ಹೋಗುತ್ತಿದ್ದಳು. ಕಲ್ಲೋಳಿಯವಳು, ನಲವತ್ತರ ಆಸುಪಾಸು. ಹನ್ನೊಂದು ವರ್ಷದಿಂದ ದಿನಗೂಲಿ ಮೇಲೆ ಇದ್ದವಳನ್ನು ಆ ಜೂನ್‌ನಲ್ಲಿ ಖಾಯಂ ಮಾಡುತ್ತೇವೆಂದು ಆಡಳಿತ ಮಂಡಳಿ ಮಾತು ಕೊಟ್ಟಿತ್ತು. ಇದನ್ನು ಅವಳು ನನಗೆ ಮೊದಲ ದಿನವೇ ಹೇಳಿದ್ದಳು, ಹೆಸರು ಹೇಳುವ ಮೊದಲೇ.

ಲ್ಯಾಬಿನ ಹಿಂದೆ ಗೋಡೆಗೆ ಹತ್ತಿಕೊಂಡು ಒಂದು ಮೊಳ ಅಗಲದ ಇಟ್ಟಿಗೆಯ ಕಟ್ಟೆ, ಒಳಗೆ ಮಣ್ಣು. ಅದರ ನಡುವೆ ಒಂದು ದುಂಡು ಕಲ್ಲು. ಕಲ್ಲಿಗೆ ಅರಿಶಿನ, ಕುಂಕುಮ, ಬಾಡಿದ ಹೂವು. ನೆಲ ಒರೆಸುವುದು ಮುಗಿದ ಮೇಲೆ ಭಾಗವ್ವ ನಳದಿಂದ ಒಂದು ಕೊಡ ನೀರು ತುಂಬಿ ತಂದು ಅದರ ಸುತ್ತ ಸುರಿಯುವುದನ್ನು ನೋಡಿದೆ.

ಯಾವ ದೇವರು ಇದು ಎಂದು ಕೇಳಿದೆ. ಅಷ್ಟು ಮಾತ್ರ ಸರಿಯಾಗಿ ನೆನಪಿದೆ, ಏಕೆಂದರೆ ನಾನು ಹಲ್ಲು ಕಿರಿದು ಕೇಳಿದ್ದೆ.

"ಶಿವಪ್ಪ ಕಾಕಾ ಇಟ್ಟದ್ರಿ ಸರ್. ದಿನಾ ಒಂದು ಕೊಡ ನೀರ ಹಾಕು, ಬ್ಯಾಸಿಗ್ಯಾಗ ಎರಡು ಹಾಕು ಅಂತ ಹೇಳಿ ಹೋಗ್ಯಾನ."

ಇದರ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಅವಳು, ಹಾಕದಿದ್ದರೆ ಮಷೀನಿಗೆ ತ್ರಾಸು ಆಗುತ್ತದಂತೆ ಅನ್ನುತ್ತಾಳೆ. ಇನ್ನೊಂದರಲ್ಲಿ, ಹಾಕದಿದ್ದರೆ ಒಳ್ಳೆಯದಾಗುವುದಿಲ್ಲವಂತೆ ಅನ್ನುತ್ತಾಳೆ. ಎರಡೂ ಆಗ ನನ್ನ ಕಿವಿಗೆ ಒಂದೇ ಥರ ಕೇಳಿದವು. ಶಿವಪ್ಪ ಕಾಕಾ ಯಾರು ಎಂದು ನಾನು ಕೇಳಲಿಲ್ಲ. ಯಾವನೋ ಪೂಜಾರಿ ಇರಬೇಕು ಅಂದುಕೊಂಡೆ. ಕಲ್ಲಿನ ಬುಡದಲ್ಲಿ ಹೂವಿನ ನಡುವೆ ಒಂದು ಕಬ್ಬಿಣದ ಕೊಳವೆಯ ಬಾಯಿ ಕಂಡಿತ್ತು ಎಂದು ಈಗ ಅನ್ನಿಸುತ್ತದೆ. ಆಮೇಲೆ ನೋಡಿದ್ದನ್ನು ಮೊದಲೇ ನೋಡಿದಂತೆ ಮನಸ್ಸು ಸೇರಿಸಿಕೊಂಡಿರಲೂಬಹುದು.

ನಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ನಾನು ಹುಟ್ಟುವ ಮೊದಲೇ ನಮ್ಮ ಅಪ್ಪ ದೇವರ ಜಗುಲಿ ತೆಗೆದು ಅಲ್ಲಿ ಬುದ್ಧನ ಮೂರ್ತಿ ಇಟ್ಟವರು. ಒಂದು ಕಲ್ಲಿನ ಹೆಸರಿನಲ್ಲಿ ನಮ್ಮವರನ್ನು ಎಷ್ಟು ದೂರ ನಿಲ್ಲಿಸಿದ್ದರು ಎಂಬುದನ್ನು ಅವರು ಗಜ ಲೆಕ್ಕದಲ್ಲಿ ಹೇಳುತ್ತಿದ್ದರು. ಕುಂಕುಮ ಹಚ್ಚಿದ ಕಲ್ಲು ಕಂಡರೆ ನನ್ನೊಳಗೆ ಏಳುತ್ತಿದ್ದ ಸಿಟ್ಟು ಸುಳ್ಳಿನದಲ್ಲ. ಆದರೆ ಅದೇ ಅಪ್ಪ, ಯಾವುದನ್ನೂ ಕೇಳಿ ನೋಡದೆ ನಂಬಬೇಡ, ಕೇಳಿ ನೋಡದೆ ಬಿಡಲೂ ಬೇಡ ಅನ್ನುತ್ತಿದ್ದರು. ಮೊದಲ ಅರ್ಧವನ್ನು ನಾನು ಬಹಳ ಚೆನ್ನಾಗಿ ಕಲಿತಿದ್ದೆ.

ವಿಜ್ಞಾನ ಕಲಿಸುವ ಕೋಣೆಯ ಬೆನ್ನಿಗೇ ಇಂಥದ್ದು ಇರಬಾರದು ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ಹಣೆಯ ತುಂಬ ವಿಭೂತಿ ಹಚ್ಚುವ ಮನುಷ್ಯ, ಜಗಳ ಬೇಡವಾಗಿತ್ತು. ಗದ್ದಲವಾಗದಂತೆ ಏನು ಬೇಕಾದರೂ ಮಾಡಿಕೊಳ್ಳಿ ಎಂದರು. ಕಲ್ಲನ್ನು ನಾನೇ ಎತ್ತಿ ಕಾಂಪೌಂಡಿನ ಮೂಲೆಗೆ ಇಟ್ಟೆ. ಕಟ್ಟೆಯ ಮೇಲೆ ಒಂದು ಫರಸಿ ಮುಚ್ಚಿಸಿದೆ. ಮರುದಿನ ಮುಂಜಾನೆ ಭಾಗವ್ವ ತುಂಬಿದ ಕೊಡ ಹಿಡಿದು ಅಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು, ಫರಸಿಯನ್ನು ನೋಡಿದಳು. ಆಮೇಲೆ ಹೋಗಿ ಆ ನೀರನ್ನು ಬೇವಿನ ಸಸಿಗೆ ಹಾಕಿದಳು. ನಾನು ಗೆದ್ದೆ ಅಂದುಕೊಂಡೆ.

ಫೆಬ್ರುವರಿಯಲ್ಲಿ ಕಂಪ್ಯೂಟರುಗಳು ಕೈಗೆ ಜುಮ್ಮೆನ್ನತೊಡಗಿದವು. ಹುಡುಗರಿಗೆ ಅದೊಂದು ಆಟ. ಡಬ್ಬಿಯ ಮೇಲೆ ಒಂದು ಕೈಯಿಟ್ಟು ಒಬ್ಬನ ಕಿವಿಗೆ ಇನ್ನೊಬ್ಬ ಬೆರಳು ತಾಗಿಸಿ ಹಾರಿಸುವರು. ಮೈಮೇಲಿನ ವಿದ್ಯುತ್ತು ಡಬ್ಬಿಗೆ ಇಳಿಯುವಾಗ ಹಾಗಾಗುತ್ತದೆ, ಒಣ ಹವೆ ಎಂದು ನಾನು ಹೇಳಿದೆ. ಒಂದು ಸಲ ಚಟ್ ಎಂದು ಮುಗಿಯುವುದು ಬೇರೆ, ಕೈ ಇಟ್ಟಷ್ಟು ಹೊತ್ತೂ ಜುಮುಗುಡುವುದು ಬೇರೆ. ಮೊದಲ ವರ್ಷದ ಬಿ.ಎಸ್ಸಿ. ಹುಡುಗನೂ ಈ ವ್ಯತ್ಯಾಸ ಹೇಳುತ್ತಾನೆ. ಟೆಸ್ಟರ್ ಹಚ್ಚಿ ನೋಡಲು ಒಂದು ನಿಮಿಷ ಬೇಕು. ಹಚ್ಚಲಿಲ್ಲ. ಆರು ವಾರದಲ್ಲಿ ನಾಲ್ಕು ಮದರ್‌ಬೋರ್ಡು ಸತ್ತವು. ಆಡಳಿತ ಮಂಡಳಿಯವರು ಕಾರಣ ಕೇಳಿದರು. ಉತ್ತರ ಕೊಡಬೇಕಾದವನು ನಾನು.

ಡಬ್ಬಿ ಬಿಚ್ಚಿಟ್ಟ ಕಂಪ್ಯೂಟರುಗಳ ಧೂಳನ್ನು ಭಾಗವ್ವ ಸೆರಗಿನಿಂದ ಜಾಡಿಸುವುದನ್ನು ನಾನು ಕಂಡಿದ್ದೆ. ಸೆರಗು ಪಾಲಿಯೆಸ್ಟರ್. ಅಷ್ಟು ಸಾಕಾಯಿತು. ಪ್ರಿನ್ಸಿಪಾಲರ ಕೋಣೆಗೆ ಅವಳನ್ನು ಕರೆಸಿದೆ. ಹಾಳೆಯೊಂದನ್ನು ಚೂರು ಚೂರು ಮಾಡಿ ಮೇಜಿನ ಮೇಲೆ ಹರಡಿದೆ. ಪ್ಲಾಸ್ಟಿಕ್ ಪಟ್ಟಿಯೊಂದನ್ನು ತೆಗೆದುಕೊಂಡು, ಸೆರಗಿನ ತುದಿ ಕೊಡು ಎಂದೆ. ಅವಳು ಸೆರಗು ಎಳೆದು ಮುಂದೆ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ನಿಂತಳು. ನಾನು ಹತ್ತು ಸಲ ತಿಕ್ಕಿ ಪಟ್ಟಿಯನ್ನು ಮೇಜಿನ ಮೇಲೆ ಹಿಡಿದೆ. ಕಾಗದದ ಚೂರುಗಳು ಎದ್ದು ಹಾರಿ ಅದಕ್ಕೆ ಅಂಟಿಕೊಂಡವು.

"ಹೌದಲಾ," ಅಂದರು ಪ್ರಿನ್ಸಿಪಾಲರು, ಮುಂದೆ ಬಗ್ಗಿ ನೋಡುತ್ತ. "ಇಷ್ಟಽ ಸಾಕೇನ್ರಿ ಮಷೀನ್ ಕೆಡಾಕ?"

ಇದರ ನೂರನೇ ಪಾಲು ಸಾಕು ಎಂದೆ. ಭಾಗವ್ವ ಸೆರಗು ಬಿಟ್ಟು ಚೂರುಗಳನ್ನು ಆರಿಸಿ ಕಸದ ಬುಟ್ಟಿಗೆ ಹಾಕಿ ಹೊರಗೆ ಹೋದಳು. ಆ ಸಂಜೆ ನಾನು ಎರಡು ಪುಟದ ವರದಿ ಬರೆದು ಕೊಟ್ಟೆ. ಅದರಲ್ಲಿ ಅವಳ ಹೆಸರು ಮೂರು ಕಡೆ ಇತ್ತು.

ಮಾರ್ಚ್‌ನಲ್ಲಿ ಕುಲಗೋಡದ ಸುಜಾತಾ ಎಂಬ ಹುಡುಗಿಗೆ ಶಾಕ್ ಹೊಡೆಯಿತು. ತರಗತಿಯಲ್ಲಿ ಎಲ್ಲರಿಗಿಂತ ಶಿಸ್ತಿನವಳು. ಬರಿಗಾಲು, ಆಗಷ್ಟೇ ಒರೆಸಿದ ಹಸಿ ನೆಲ. ಸ್ವಿಚ್ ಆರಿಸಿದಳು, ಪ್ಲಗ್ ಹಾಗೇ ಬಿಟ್ಟಳು, ನನ್ನ ಕಡೆ ಒಮ್ಮೆ ನೋಡಿ ಅಂಗೈಯನ್ನು ಡಬ್ಬಿಯ ತಗಡಿನ ಮೇಲೆ ಪೂರ್ತಿ ಊರಿದಳು. ಕೂಗಲಿಲ್ಲ. ಕೈ ಕಿತ್ತುಕೊಳ್ಳುವ ರಭಸಕ್ಕೆ ತಗಡಿನ ಅಂಚು ಹೆಬ್ಬೆರಳ ಬುಡವನ್ನು ಸೀಳಿತು. ಭಾಗವ್ವನೇ ಓಡಿ ಬಂದು ತನ್ನ ಕೈಯಿಂದ ಗಾಯ ಒತ್ತಿಹಿಡಿದಳು. ಏಳು ಹೊಲಿಗೆ ಬಿದ್ದವು. ಮರುದಿನ ಸುಜಾತಾಳ ಅಪ್ಪ ಕುಲಗೋಡದಿಂದ ಐದಾರು ಮಂದಿಯನ್ನು ಕರೆದುಕೊಂಡು ಬಂದು ಪ್ರಿನ್ಸಿಪಾಲರ ಎದುರು ಕೂತ. ಅವನು ಜೋರು ಮಾಡಲಿಲ್ಲ. ಇದು ಯಾರಿಂದ ಆಯಿತು, ಒಂದು ಹೆಸರು ಹೇಳಿರಿ ಸಾಕು, ಎದ್ದು ಹೋಗುತ್ತೇವೆ ಎಂದ.

ಹೆಸರು ನನ್ನ ವರದಿಯಲ್ಲಿ ಸಿದ್ಧವಿತ್ತು. ನೆಲ ಹಸಿ ಮಾಡಿದವಳೂ ಅವಳೇ.

ಇನ್ನು ನನ್ನ ನೆನಪಿನ ಕ್ರಮ. ಕುಲಗೋಡದವರು ಎದ್ದು ಹೋದ ದಿನವೇ ಭಾಗವ್ವನಿಗೆ ನಾಳೆಯಿಂದ ಬರಬೇಡ ಎಂದರು. ಅವಳು ಕಸಬರಿಗೆಯನ್ನು ಬಾಗಿಲ ಹಿಂದೆ ಇಟ್ಟು ಚಪ್ಪಲಿ ಮೆಟ್ಟಿಕೊಂಡು ಹೋದಳು. ಎಂಟು ಹತ್ತು ದಿನ ಬಿಟ್ಟು, ಜುಮುಗುಡುವುದು ನಿಲ್ಲಲಿಲ್ಲವೆಂದು ಗೋಕಾಕದಿಂದ ದಸ್ತಗೀರ ಎಂಬ ಇಲೆಕ್ಟ್ರಿಶಿಯನ್ ಬಂದ. ಡಬ್ಬಿಗೆ ಟೆಸ್ಟರ್ ಹಚ್ಚಿದ, ಅದು ದೀಪದಂತೆ ಉರಿಯಿತು. ಭೂಮಿಗೆ ಹೋಗುವ ತಂತಿ ಹೂಳಿದ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೋಡೆಯ ಹೊರಗಿನ ತಂತಿಯ ಜಾಡು ಹಿಡಿದು ಹೋಗಿ ನಾನು ಮುಚ್ಚಿಸಿದ ಫರಸಿಯ ಮೇಲೆ ನಿಂತ.

ಫರಸಿ ಎತ್ತಿದರೆ ಕೊಳವೆಯ ಸುತ್ತ ಎರೆಮಣ್ಣು ನೀರಿಲ್ಲದೆ ಒಣಗಿ ಬೆರಳು ತೂರುವಷ್ಟು ಬಿರಿದು ದೂರ ಸರಿದಿತ್ತು. ಇದ್ದಿಲು, ಉಪ್ಪು ಹಾಕಿ ಹೂಳಿದ ಕೊಳವೆ ಗಾಳಿಯಲ್ಲಿ ನಿಂತಿತ್ತು. ಒಂದೊಂದು ಕಂಪ್ಯೂಟರಿನಿಂದ ಸ್ವಲ್ಪ ಸ್ವಲ್ಪ ಸೋರುವ ವಿದ್ಯುತ್ತು ಭೂಮಿಗೆ ಇಳಿಯಲು ದಾರಿಯಿಲ್ಲದೆ, ಇಪ್ಪತ್ತರದೂ ಸೇರಿ, ಅದೇ ತಂತಿಯಿಂದ ಆರಿಸಿದ ಕಂಪ್ಯೂಟರಿನ ಡಬ್ಬಿಗೂ ಬರುತ್ತಿತ್ತು. ಪ್ಲಗ್ ಕೀಳಬೇಡಿ, ಮೊದಲು ಕ್ಯಾಬಿನೆಟ್ ಮುಟ್ಟಿ ಎಂದು ನಾನು ಮುಟ್ಟಿಸಿದ್ದು ಆ ಡಬ್ಬಿಯನ್ನೇ.

"ನೀರ ಯಾರು ನಿಲ್ಲಿಸಿದ್ರಿ?" ದಸ್ತಗೀರ ಕೇಳಿದ. ನಾನು ಫರಸಿಯನ್ನು ಗೋಡೆಗೆ ಒರಗಿಸಿದೆ. "ಇದು ನಮ್ಮ ಶಿವಪ್ಪ ಕಾಕಾ ಮಾಡಿದ ಕೆಲಸರಿ. ಹಿಡಕಲ್ ಡ್ಯಾಮಿನ್ಯಾಗ ವಾಯರಮನ್ ಇದ್ದ, ತೀರಿಕೊಂಡ ಪಾಪ. ಹುಡುಗೂರು ಗುಂಡ್ಯಾಗ ಉಗಳತಾರ, ಕಸಾ ತುಂಬತಾರ ಅಂತ ಕಲ್ಲಿಟ್ಟು ಕುಂಕುಮ ಹಚ್ಚಿ ಹೋಗಾಂವ ಅಂವ. ಸುತ್ತಲ ಹತ್ತು ಊರಾಗ ಹಿಂಗಽ ಮಾಡ್ಯಾನ. ಶಾಣ್ಯಾ ಮನಷ್ಯಾ. ದೇವ್ರಂದ್ರ ಯಾರೂ ಮುಟ್ಟಂಗಿಲ್ಲ ಅಂತಿದ್ದ."

ಎರಡು ಕೊಡ ನೀರು ಹಾಕಿ, ಮಣ್ಣು ತುಳಿದು, ಅರ್ಧ ತಾಸು ಬಿಟ್ಟು ಟೆಸ್ಟರ್ ಹಚ್ಚಿದರೆ ಅದು ಉರಿಯಲಿಲ್ಲ. ಸಂಶಯಪಡುವುದೇ ನನ್ನ ಸ್ವಭಾವ. ಅಂಥವನು ಸಂಶಯವನ್ನು ಎಲ್ಲಿ ನಿಲ್ಲಿಸಿದ್ದೆ ಎಂದು ಆ ಗುಂಡಿಯ ಎದುರು ನಿಂತು ಯೋಚಿಸಿದ್ದೂ ನೆನಪಿದೆ. ಆದರೆ ಭಾಗವ್ವ ಹೋಗಿಯಾಗಿತ್ತು, ನಾನು ಏನು ಮಾಡಲು ಸಾಧ್ಯವಿತ್ತು. ಹೀಗೆಂದುಕೊಂಡು ಏಪ್ರಿಲ್ ಕಳೆದೆ. ಜೂನ್‌ನಲ್ಲಿ ನನ್ನ ನೇಮಕ ಮುಂದುವರಿಯಿತು. ಅದರ ಮುಂದಿನ ವರ್ಷ ಹುಕ್ಕೇರಿಯಲ್ಲೇ ಕೆಲಸ ಸಿಕ್ಕು ಹೊರಟುಹೋದೆ.

ಹೋದ ಫೆಬ್ರುವರಿಯ ಆ ದಿನ ಝೆರಾಕ್ಸ್ ಅಂಗಡಿಯಿಂದ ಹೊರಬಂದವನು ಹುಕ್ಕೇರಿಯ ಬಸ್ಸು ಹತ್ತದೆ ಭಾಗವ್ವನ ಊರಾದ ಕಲ್ಲೋಳಿಯ ಬಸ್ಸು ಹತ್ತಿದೆ. ಯಾಕೆಂದು ಕೇಳಿದರೆ ಕ್ಷಮೆ ಕೇಳಲು ಎಂದು ಹೇಳಬಹುದು. ನೀರಿನ ಬಗ್ಗೆ ಅವಳು ನನಗೆ ನಿಜವಾಗಿ ಏನು ಹೇಳಿದ್ದಳು ಎಂದು ತಿಳಿದುಕೊಳ್ಳುವ ಚಪಲವೇ ಹೆಚ್ಚಿತ್ತು ಅನ್ನಿಸುತ್ತದೆ.

ಭಾಗವ್ವ ಕಬ್ಬಿನ ಹೊಲದ ಕಳೆ ತೆಗೆಯಲು ಹೋಗಿ ಬಂದು ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದು, ಬರ್ರಿ ಸರ್ ಕುಂದರ್ರಿ ಎಂದು ಸೊಸೆಗೆ ಚಹಾ ಇಡಲು ಹೇಳಿದಳು. ಮಷೀನಿಗೆ ತ್ರಾಸು ಅಂದಿದ್ದೆಯೋ, ಬರೀ ಒಳ್ಳೆಯದಾಗುವುದಿಲ್ಲ ಅಂದಿದ್ದೆಯೋ ಎಂದು ಕೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ಹೆಂಗ ಹೇಳಿದ್ರೂ ಕೇಳಾವ್ರಿದ್ರೇನ್ರಿ ನೀವು?"

ನಾನು ಸೀರೆಯ ವಿಷಯ ಎತ್ತಿದೆ. ತಪ್ಪಾಯಿತು ಎಂದೆ.

"ಆ ಸೀರಿ ಯಾರು ಕೊಟ್ಟಿದ್ರು ಗೊತ್ತೈತೇನ್ರಿ? ಕಾಲೇಜಿನವರಽ. ಕಸಾ ಹೊಡಿಯಾವ್ರಿಗೆಲ್ಲಾ ಒಂದಽ ನಮೂನಿ ಇರಲಿ ಅಂತ ಕೊಟ್ಟದ್ದು. ನನ್ನವು ಎಲ್ಲಾ ಇಲಕಲ್ ಸೀರಿ, ನೂಲಿನವು." ಬಾಯಿಗೆ ಎಲೆ ಹಾಕಿಕೊಂಡಳು. "ನಾ ಹೇಳಲಿಲ್ಲ. ಹೇಳಿದ್ರ ಪ್ರಿನ್ಸಿಪಾಲರಿಗೆ ಸಿಟ್ಟು ಬಂದು ಜೂನಿನ್ಯಾಗ ಖಾಯಂ ಮಾಡಂಗಿಲ್ಲಂತ ತಿಳಕೊಂಡೆ. ಶಾಣ್ಯಾಕಿ ನಾನೂ."

ಸೊಸೆ ಚಹಾ ತಂದಳು. ನಾನು ದಸ್ತಗೀರನ ಮಾತು ತೆಗೆದು, ಅವಳು ಹೋದ ಮೇಲೆ ಅವನು ಬಂದು ಗುಂಡಿ ತೆಗೆದ ಕಥೆಯನ್ನು ಹೇಳತೊಡಗಿದೆ. ಅವಳು ನಡುವೆಯೇ ತಡೆದಳು.

"ಅದನ್ನ ನನಗೇನ ಹೇಳ್ತೀರಿ ಸರ್? ಆ ಎರಡು ಕೊಡ ನೀರ ತಂದು ಕೊಟ್ಟಾಕಿ ನಾನಽ ಅಲಾ. ಟೆಸ್ಟರ್ ಆರಿದ್ದೂ ನೋಡೇನಿ. ಇನ್ನ ಸರ್ ಹೋಗಿ ಪ್ರಿನ್ಸಿಪಾಲರಿಗೆ ಹೇಳ್ತಾರ, ಎಲ್ಲಾ ಸರಿ ಹೋಗತೈತಿ ಅಂತ ಮನಿಗೆ ಬಂದು ನಮ್ಮ ಮನಿಯವ್ರಿಗೂ ಹೇಳಿದ್ನಿ."

ಹಾಗಾಗಲು ಸಾಧ್ಯವಿಲ್ಲ, ಆ ದಿನ ನೀನು ಕಾಲೇಜಿನಲ್ಲಿ ಇರಲೇ ಇಲ್ಲ ಎಂದೆ. ಇರಲಿ ಬಿಡ್ರಿ, ಚಹಾ ಆರತೈತಿ ಎಂದಳು.

ವಯಸ್ಸಾದವಳು, ಎರಡು ದಿನಗಳನ್ನು ಕಲಸಿಕೊಂಡಿದ್ದಾಳೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ನೆನಪು ಎಂಥ ಮೋಸದ್ದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಒಂದು ವಾರ ಹೀಗೆಯೇ ವಾದ ಮಾಡಿದೆ. ಆಮೇಲೆ ಮೂಡಲಗಿಗೆ ಹೋದೆ. ಪ್ರಿನ್ಸಿಪಾಲರು ನಿವೃತ್ತರಾಗಿದ್ದರು. ಹಳೆಯ ಗುಮಾಸ್ತ ಇನ್ನೂ ಇದ್ದ, ನನ್ನ ಮಾತಿಗೆ ಬೆಲೆ ಕೊಟ್ಟು ಗಂಟು ಬಿಚ್ಚಿ ಎರಡು ಫೈಲು ಹುಡುಕಿ ತೆಗೆದ.

ದಸ್ತಗೀರ ಬರೆದುಕೊಟ್ಟ ಕೆಲಸದ ಚೀಟಿ ಸಿಕ್ಕಿತು. ಅರ್ಥಿಂಗ್ ಗುಂಡಿ ಒಣಗಿ ಶಾಕ್ ಬರುತ್ತಿತ್ತು, ನೀರು ಹಾಕಿ ಸರಿ ಮಾಡಲಾಗಿದೆ, ದಿನಾ ನೀರು ಹಾಕಬೇಕು ಎಂದು ಅದರಲ್ಲಿದೆ. ಕೆಳಗೆ, ಓದಿ ತಿಳಿದುಕೊಂಡೆ ಎಂಬ ಜಾಗದಲ್ಲಿ ಒಂದೇ ಸಹಿ ಇದೆ, ನನ್ನದು. ಭಾಗವ್ವನನ್ನು ಕೆಲಸದಿಂದ ತೆಗೆದ ಆದೇಶವೂ ಸಿಕ್ಕಿತು. ಎರಡರ ಮೇಲಿನ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ, ಗೋಡೆಯ ಮೇಲಿದ್ದ ಕ್ಯಾಲೆಂಡರು ಆ ವರ್ಷದ್ದಲ್ಲವಾದ್ದರಿಂದ ಮೊಬೈಲಿನಲ್ಲಿ ವಾರ ಹುಡುಕಿದೆ. ಚೀಟಿ ಸೋಮವಾರದ್ದು. ಆದೇಶ ಅದೇ ವಾರದ ಗುರುವಾರದ್ದು.